ಒಂದೇ ಚೀಟಿ, ಸಾವಿರ ಕೈ: ಮೂರು ಜಿಲ್ಲೆಗಳ ಆರೋಗ್ಯ ಸಂಶೋಧಕರಿಗೆ ಬಹಿರಂಗ ಪತ್ರ

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ವೈದ್ಯಕೀಯ ಕಾಲೇಜುಗಳ ಸಮುದಾಯ ವೈದ್ಯಶಾಸ್ತ್ರ ವಿಭಾಗಗಳ ಮುಖ್ಯಸ್ಥರಿಗೆ, ಹಾಗೂ ಮೂರೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ.

ಮಾನ್ಯರೇ,

ನಾನು ಬಾಗಲಕೋಟೆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದುಡಿದು ನಿವೃತ್ತನಾದ ಆರೋಗ್ಯ ಮೇಲ್ವಿಚಾರಕ. ಮಲೇರಿಯಾದ ರಕ್ತಲೇಪನ ತೆಗೆಯುವುದರಿಂದ ಶುರುವಾದ ನನ್ನ ನೌಕರಿ, ಮುಗಿಯುವ ಹೊತ್ತಿಗೆ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡದ ತಪಾಸಣೆಗೆ ಬಂದು ನಿಂತಿತ್ತು. ಕೊನೆಯ ಕೆಲವು ವರ್ಷಗಳಲ್ಲಿ ನಾನು ಊರೂರು ತಿರುಗಿ ಒಂದೇ ಚೀಟಿಯನ್ನು ಸಾವಿರಾರು ಜನರ ಕೈಗೆ ಕೊಟ್ಟಿದ್ದೇನೆ. ದಿನಕ್ಕೆ ಅರ್ಧ ಗಂಟೆ ನಡೆಯಿರಿ, ಉಪ್ಪು ಕಡಿಮೆ ಮಾಡಿ, ಅನ್ನ ಮತ್ತು ಮುದ್ದೆ ಮಿತವಾಗಿ ತಿನ್ನಿ, ತಂಬಾಕು ಬಿಡಿ, ಚಿಂತೆ ಮಾಡಬೇಡಿ ಎಂಬ ಐದು ಸಾಲುಗಳು ಅದರಲ್ಲಿದ್ದವು. ನಮ್ಮ ಮಗ್ಗದ ಊರು ಬನಹಟ್ಟಿಯಲ್ಲಿ ಮುದ್ದೆ ಉಣ್ಣುವವರು ಎಷ್ಟು ಮಂದಿ ಎಂದು ಚೀಟಿ ಬರೆದವರು ಯಾರನ್ನೂ ಕೇಳಿದಂತಿರಲಿಲ್ಲ. ಜೋಳದ ರೊಟ್ಟಿಯ ಹೆಸರಂತೂ ಅದರಲ್ಲಿ ಇರಲೇ ಇಲ್ಲ. ಆದರೂ ನಾನು ಕೊಟ್ಟೆ, ಅವರು ತೆಗೆದುಕೊಂಡರು, ರಿಜಿಸ್ಟರಿನಲ್ಲಿ ‘ಸಲಹೆ ನೀಡಲಾಗಿದೆ’ ಎಂದು ಬರೆದೆ. ಆ ಎರಡು ಪದಗಳ ಲೆಕ್ಕ ಒಪ್ಪಿಸಲೆಂದೇ ಈ ಪತ್ರ ಬರೆಯುತ್ತಿದ್ದೇನೆ.

ಒಂದೇ ಓಣಿಯ ಮೂವರ ವಿಷಯ ಹೇಳುತ್ತೇನೆ. ಮೂವರಿಗೂ ಖಾಲಿ ಹೊಟ್ಟೆಯ ಸಕ್ಕರೆ 100 ಮತ್ತು 125ರ ನಡುವೆ ಇತ್ತು, ಅಂದರೆ ಕಾಯಿಲೆ ಇನ್ನೂ ಹೊಸ್ತಿಲ ಹೊರಗೆ ನಿಂತಿತ್ತು. ಮೊದಲನೆಯವನು ವಿದ್ಯುತ್ ಮಗ್ಗದ ಕೆಲಸಗಾರ. ಚೀಟಿ ನೋಡಿ ನಕ್ಕು, “ಹನ್ನೆರಡು ತಾಸು ಮಗ್ಗದ ನಡುವ ಅಡ್ಡಾಡ್ತೇನ್ರಿ ಸಾಹೇಬ್ರ, ಇನ್ನ ಎಲ್ಲಿಗಿ ನಡಕೊಂತ ಹೋಗ್ಲಿ?” ಎಂದ. ಅವನ ತೊಂದರೆ ಇದ್ದದ್ದು ರಾತ್ರಿ ಪಾಳಿಯಲ್ಲಿ: ನಿದ್ದೆ ತಡೆಯಲು ಎರಡೆರಡು ಚಮಚ ಸಕ್ಕರೆಯ ಎಂಟು ಹತ್ತು ಕಪ್ ಚಹಾ, ನಡುನಡುವೆ ಬಾಯಿಗೆ ಒಂದು ತಂಬಾಕಿನ ಪೊಟ್ಟಣ. ಎರಡನೆಯವಳು ಮನೆಯಲ್ಲೇ ಕೂತು ಮಗ್ಗದ ನೂಲಿನ ಕಂಡಿಕೆ ಸುತ್ತುವ ನಡುವಯಸ್ಸಿನ ಹೆಂಗಸು. ಬೆಳಗಿನಿಂದ ಸಂಜೆಯವರೆಗೆ ಕೂತದ್ದು ಕೂತಂತೆ. ನಡೆಯಬೇಕೆಂಬ ಮನಸ್ಸು ಅವಳಿಗಿತ್ತು, ಆದರೆ ಕೆಲಸವಿಲ್ಲದೆ ಸುಮ್ಮನೆ ಬೀದಿಯಲ್ಲಿ ಅಡ್ಡಾಡುವ ಹೆಂಗಸಿಗೆ ಓಣಿ ಏನನ್ನುತ್ತದೆ ಎಂಬ ಅಂಜಿಕೆ ಅದಕ್ಕಿಂತ ದೊಡ್ಡದಾಗಿತ್ತು. ಮೂರನೆಯವರು ಹೈಸ್ಕೂಲ್ ಮಾಸ್ತರರು. ಚೀಟಿಯಲ್ಲಿ ಇದ್ದದ್ದೆಲ್ಲ ಅವರಿಗೆ ಬಾಯಿಪಾಠ. ತಂದೆಗೆ ಸಕ್ಕರೆ ಕಾಯಿಲೆ ಇತ್ತು, ಆದರೆ ತಾವು ತೆಳ್ಳಗಿರುವುದರಿಂದ ತಮಗೆ ಬರಲಾರದು ಎಂಬ ಭರವಸೆಯಲ್ಲಿದ್ದರು. ಹತ್ತಿರದ ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಅವರು ತಾವು ಮತ್ತು ಬ್ರಿಟನ್ನಿನ ಸಹೋದ್ಯೋಗಿಯೊಬ್ಬರು ಅಕ್ಕಪಕ್ಕ ನಿಂತ ಚಿತ್ರವನ್ನು 2004ರಲ್ಲಿ ಪ್ರಕಟಿಸಿದ್ದರು. ಎತ್ತರಕ್ಕೆ ತೂಕದ ಅನುಪಾತ ಇಬ್ಬರಿಗೂ 22.3; ಮೈಯ ಕೊಬ್ಬಿನ ಪಾಲು ಮಾತ್ರ ಬ್ರಿಟನ್ನಿನವರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ 21.2. ಮಾಸ್ತರರಿಗೆ ಬೇಕಿದ್ದದ್ದು ಚೀಟಿಯಲ್ಲ, ಈ ಚಿತ್ರ ಮತ್ತು ಸೊಂಟಕ್ಕೆ ಸುತ್ತುವ ಒಂದು ಟೇಪು. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರ ವಹಿಸಬೇಕೆಂಬುದು ನಮ್ಮ ಜನಕ್ಕೆಂದೇ ಇಳಿಸಿ ಇಟ್ಟ ಅಳತೆ.

ಈ ಮೂವರಿಗೂ ನಾನು ಕೊಟ್ಟದ್ದು ಅದೇ ಚೀಟಿ. ಮೂರು ವರ್ಷದ ಮೇಲೆ ಮಗ್ಗದವನಿಗೂ ಮಾಸ್ತರರಿಗೂ ಮಾತ್ರೆ ಶುರುವಾಗಿತ್ತು. ಬೇರೆ ರೀತಿಯಲ್ಲಿ ಮಾತಾಡಿದ್ದರೆ ತಪ್ಪುತ್ತಿತ್ತು ಎಂದು ಹೇಳಲು ನನ್ನಲ್ಲಿ ಪುರಾವೆ ಇಲ್ಲ. ಆ ಪುರಾವೆಯನ್ನು ಹುಡುಕುವ ಕೆಲಸ ನಿಮ್ಮದು, ಅದನ್ನೇ ಕೇಳುತ್ತಿದ್ದೇನೆ.

ಹೊರಗಿನ ಪುರಾವೆಗೆ ಕೊರತೆಯಿಲ್ಲ. ಅಮೆರಿಕದಲ್ಲಿ ಕಾಯಿಲೆಯ ಅಂಚಿನಲ್ಲಿದ್ದ 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಮಧುಮೇಹ ತಡೆ ಅಧ್ಯಯನದಲ್ಲಿ, ಸರಾಸರಿ 2.8 ವರ್ಷಗಳಲ್ಲಿ, ಜೀವನಕ್ರಮ ಬದಲಿಸಿಕೊಂಡವರಲ್ಲಿ ಹೊಸ ಮಧುಮೇಹ ಶೇಕಡಾ 58ರಷ್ಟು ತಗ್ಗಿತು, ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ತಿಂದವರಲ್ಲಿ 31ರಷ್ಟು. ಈ 58 ಎಂಬ ಅಂಕಿಯನ್ನು ಭಾಷಣಗಳಲ್ಲಿ ಬಹಳ ಸಲ ಕೇಳಿದ್ದೇನೆ. ಅದರ ಹಿಂದಿನ ಕೆಲಸವನ್ನು ಮಾತ್ರ ಯಾರೂ ಹೇಳುವುದಿಲ್ಲ. ಅಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಮಾರ್ಗದರ್ಶಕ ಇದ್ದ, ಮೊದಲ ಆರು ತಿಂಗಳಲ್ಲಿ ಹದಿನಾರು ಪಾಠಗಳನ್ನು ಎದುರು ಕೂತು ಹೇಳಿಕೊಡುತ್ತಿದ್ದ, ಆ ವ್ಯಕ್ತಿಯ ಊಟ, ಸಮಯ, ಅಡೆತಡೆಗಳನ್ನು ನೋಡಿ ಯೋಜನೆಯನ್ನು ತಿದ್ದುತ್ತಿದ್ದ. ನಾವು ಅಂಕಿಯನ್ನು ತಂದುಕೊಂಡೆವು, ಮಾರ್ಗದರ್ಶಕನನ್ನು ಅಲ್ಲಿಯೇ ಬಿಟ್ಟೆವು.

ಅದು ಶ್ರೀಮಂತ ದೇಶದ ಮಾತಾಯಿತು ಎನ್ನುವವರಿಗೆ ಚೆನ್ನೈ ದೂರವಿಲ್ಲ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನರೊಂದಿಗೆ ನಡೆಸಿ 2006ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ತಡೆ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ, ಸಾಮಾನ್ಯ ಸಲಹೆ ಪಡೆದವರಲ್ಲಿ ನೂರಕ್ಕೆ 55 ಮಂದಿಗೆ ಕಾಯಿಲೆ ಬಂದರೆ, ಊಟ ಮತ್ತು ಚಟುವಟಿಕೆಯ ಬಗ್ಗೆ ಬಿಡಿಬಿಡಿಯಾಗಿ ಮಾರ್ಗದರ್ಶನ ಪಡೆದವರಲ್ಲಿ 39.3 ಮಂದಿಗೆ ಬಂತು. ಸುಮಾರು ಆರೇಳು ಜನರ ಜೊತೆ ಹೀಗೆ ಕೆಲಸ ಮಾಡಿದರೆ ಒಬ್ಬರ ಕಾಯಿಲೆ ತಪ್ಪಿದ ಹಾಗೆ ಆಯಿತು. ಇದರಲ್ಲಿ ನನಗೆ ಮುಖ್ಯವೆನಿಸಿದ ಸಂಗತಿಗಳು ಎರಡು. ಮಾರ್ಗದರ್ಶನ ಪಡೆದವರ ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಕಾಯಿಲೆ ತಗ್ಗಿತು. ಹಾಗಾದರೆ ‘ತೂಕ ಇಳಿಸಿ’ ಎಂಬ ಮಾತೊಂದನ್ನೇ ಹಿಡಿದು ತೆಳ್ಳಗಿನವರನ್ನು ಮನೆಗೆ ಕಳಿಸುವುದು ತಪ್ಪು. ಇನ್ನೊಂದು, ಕೂತು ಕೆಲಸ ಮಾಡುವವರಿಗೆ ಅರ್ಧ ಗಂಟೆ ನಡೆಯಲು ಹೇಳಿದ ಸಂಶೋಧಕರು, ಮೈಮುರಿದು ದುಡಿಯುವವರಿಗೂ ದಿನವೂ ನಡೆದು ಅಥವಾ ಸೈಕಲ್ ತುಳಿದು ಹೋಗುವವರಿಗೂ ‘ಈಗ ಮಾಡುತ್ತಿರುವುದನ್ನೇ ಮುಂದುವರಿಸಿ’ ಎಂದರು. ನನ್ನ ಮಗ್ಗದ ಕೆಲಸಗಾರನ ಪ್ರಶ್ನೆಗೆ ಚೆನ್ನೈಯಲ್ಲಿ ಆಗಲೇ ಉತ್ತರವಿತ್ತು. ಅದು ನಮ್ಮ ಚೀಟಿಯವರೆಗೆ ಬರಲಿಲ್ಲ, ಅಷ್ಟೆ.

ಅದೇ ತಂಡ 537 ಗಂಡಸರಿಗೆ ಎರಡು ವರ್ಷ ಮೊಬೈಲ್ ಸಂದೇಶ ಕಳಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಸಂದೇಶಗಳು ಎಲ್ಲರಿಗೂ ಒಂದೇ ಆಗಿರಲಿಲ್ಲ. ಬದಲಾವಣೆಯ ಯೋಚನೆಯೇ ಇಲ್ಲದವನಿಗೆ ಒಂದು, ಮಾಡೋಣವೆಂದು ಅನ್ನಿಸತೊಡಗಿದವನಿಗೆ ಇನ್ನೊಂದು, ಆಗಲೇ ಶುರುಮಾಡಿದವನಿಗೆ ಮತ್ತೊಂದು. ಸಂದೇಶ ಬಂದವರಲ್ಲಿ ನೂರಕ್ಕೆ 18, ಬಾರದವರಲ್ಲಿ 27 ಮಂದಿಗೆ ಮಧುಮೇಹ ಬಂತು. ಖರ್ಚಿನ ನೆಪ ಹೇಳುವವರು ಈ ಅಂಕಿಯನ್ನು ಒಮ್ಮೆ ನೋಡಬೇಕು. ಚೆನ್ನೈಯದೇ ಇನ್ನೊಂದು ಅಧ್ಯಯನ, 578 ಜನರದ್ದು, 2016ರಲ್ಲಿ ಬಂದದ್ದು, ಮೊದಲು ಜೀವನಕ್ರಮದ ಪಾಠ, ಅದು ಸಾಲದವರಿಗೆ ಮಾತ್ರ ಮೆಟ್‌ಫಾರ್ಮಿನ್ ಎಂಬ ಮೆಟ್ಟಿಲು ಕ್ರಮ ಅನುಸರಿಸಿ, ಹೊಸ ಕಾಯಿಲೆಯನ್ನು ಶೇಕಡಾ 32ರಷ್ಟು ತಗ್ಗಿಸಿತು. ನೂರಕ್ಕೆ 72 ಮಂದಿಗೆ ಮಾತ್ರೆಯೂ ಬೇಕಾಯಿತು ಎಂಬುದನ್ನು ಮುಚ್ಚಿಡಬಾರದು. ಒಬ್ಬರಿಗೆ ಮಾತು ಸಾಕಾಗುತ್ತದೆ, ಇನ್ನೊಬ್ಬರಿಗೆ ಸಾಲುವುದಿಲ್ಲ. ಯಾರಿಗೆ ಎಷ್ಟು ಎಂದು ಕಾಯ್ದು ನೋಡುವುದೂ ಈ ವಿದ್ಯೆಯ ಒಂದು ಭಾಗ.

ಎಲ್ಲ ಕಡೆಯೂ ಗೆಲುವೇ ಆಗಿದೆ ಎಂದು ನಾನು ಹೇಳುತ್ತಿಲ್ಲ. ಕೇರಳದಲ್ಲಿ 60 ಮತಗಟ್ಟೆ ಪ್ರದೇಶಗಳ 1,007 ಜನರೊಂದಿಗೆ, ಊರಿನವರೇ ಮುಂದಾಳುಗಳಾಗಿ ಗುಂಪು ಸಭೆಗಳ ಮೂಲಕ ನಡೆದ ಅಧ್ಯಯನದಲ್ಲಿ, ಎರಡು ವರ್ಷಗಳ ಬಳಿಕ ಕಾಯಿಲೆ ಬಂದವರು ಸಭೆಗಳು ನಡೆದ ಕಡೆ ಶೇಕಡಾ 14.9, ನಡೆಯದ ಕಡೆ 17.1; ಈ ವ್ಯತ್ಯಾಸ ಆಕಸ್ಮಿಕವಲ್ಲ ಎಂದು ಸಂಖ್ಯಾಶಾಸ್ತ್ರ ಒಪ್ಪುವಷ್ಟು ದೊಡ್ಡದಾಗಿರಲಿಲ್ಲ. ಅಮೆರಿಕದಲ್ಲಿ ಆಗಲೇ ಮಧುಮೇಹ ಇದ್ದ 5,145 ಜನರಿಗೆ ತೂಕ ಇಳಿಸುವ ಬಿಗಿಯಾದ ಕಾರ್ಯಕ್ರಮ ಕೊಟ್ಟು ವರ್ಷಗಟ್ಟಲೆ ನೋಡಿದರೂ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಲಿಲ್ಲ. ಚೆನ್ನೈಯಲ್ಲಿ ಆದದ್ದು ಬಾದಾಮಿಯಲ್ಲೂ ಇಂಡಿಯಲ್ಲೂ ತಾನಾಗಿಯೇ ಆಗುತ್ತದೆ ಎಂದು ನಂಬಿ ಇನ್ನೊಂದು ಚೀಟಿ ಅಚ್ಚುಹಾಕಿಸಿದರೆ ನಾವು ಮತ್ತೆ ಮೊದಲಿನ ಜಾಗದಲ್ಲೇ ನಿಲ್ಲುತ್ತೇವೆ. ಪರೀಕ್ಷೆ ಇಲ್ಲಿಯೇ ನಡೆಯಬೇಕು.

ಇಲ್ಲಿ ನಡೆಸಲಾಗದು ಎಂದು ಮಾತ್ರ ದಯವಿಟ್ಟು ಹೇಳಬೇಡಿ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ, ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ತಂಡದೊಂದಿಗೆ ನಮ್ಮ ಕಿರಿಯ ಆರೋಗ್ಯ ಸಹಾಯಕಿಯರು 1,620 ಬಾಣಂತಿಯರಲ್ಲಿ ಮಿಸೊಪ್ರೊಸ್ಟಾಲ್ ಮಾತ್ರೆಯ ಪರೀಕ್ಷೆ ನಡೆಸಿದರು. ಹೆರಿಗೆಯ ನಂತರದ ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿಯಿತು. 2006ರಲ್ಲಿ ಪ್ರಕಟವಾದ ಆ ಫಲಿತಾಂಶ ಜಗತ್ತಿನ ಬಡ ಹಳ್ಳಿಗಳ ಹೆರಿಗೆ ಆರೈಕೆಯ ಚರ್ಚೆಯಲ್ಲಿ ಇಂದಿಗೂ ಉಲ್ಲೇಖವಾಗುತ್ತದೆ. ಅದರಲ್ಲಿ ಮಾತ್ರೆ ಕೊಟ್ಟವರು, ರಕ್ತ ಅಳೆದವರು, ಬರೆದುಕೊಂಡವರು ಉಪಕೇಂದ್ರದ ಸಿಸ್ಟರುಗಳು. ಅಂಥ ಶಿಸ್ತು ಈ ನೆಲದಲ್ಲಿ ಇತ್ತು, ಇದೆ. ಹೆರಿಗೆಯ ಒಂದು ತಾಸಿಗೆ ಬಳಸಿದ ಆ ಶಿಸ್ತನ್ನು ನಲವತ್ತು ದಾಟಿದವರ ಇಪ್ಪತ್ತು ವರ್ಷಗಳಿಗೆ ಬಳಸಿರಿ ಎಂಬುದು ನನ್ನ ಬೇಡಿಕೆ.

ನನ್ನ ಮನಸ್ಸಿನಲ್ಲಿರುವ ಪರೀಕ್ಷೆ ಹೀಗಿದೆ, ತಿದ್ದುವ ಹಕ್ಕು ನಿಮ್ಮದು. ಮೂರೂ ಜಿಲ್ಲೆಗಳಿಂದ ಒಂದಷ್ಟು ಉಪಕೇಂದ್ರಗಳನ್ನು ಚೀಟಿ ಎತ್ತಿ ಎರಡು ಪಾಲು ಮಾಡಬೇಕು. ಎಷ್ಟು ಎಂಬುದನ್ನು ನಿಮ್ಮ ಸಂಖ್ಯಾಶಾಸ್ತ್ರಜ್ಞರು ಹೇಳಲಿ. ಒಂದು ಪಾಲಿನಲ್ಲಿ ಈಗ ನಡೆಯುತ್ತಿರುವುದೇ ನಡೆಯಲಿ. ಇನ್ನೊಂದರಲ್ಲಿ, ಅಂಚಿನಲ್ಲಿರುವ ಪ್ರತಿಯೊಬ್ಬರೊಂದಿಗೆ ಸಮುದಾಯ ಆರೋಗ್ಯ ಅಧಿಕಾರಿ ಅಥವಾ ಆಶಾ ಕಾರ್ಯಕರ್ತೆ ಅರ್ಧ ತಾಸು ಕೂತು ಮಾತಾಡಲಿ. ಮೊದಲು ಕೇಳಬೇಕಾದದ್ದು ಕೆಲಸ ಯಾವುದು, ಯಾವ ಪಾಳಿ, ಮನೆಯಲ್ಲಿ ಅಡುಗೆ ಯಾರದು, ಸಂತೆ ಯಾರದು ಎಂದು. ಒಲೆಯ ಮುಂದೆ ಕೂರುವವಳು ಸೊಸೆಯಾಗಿರುವಾಗ ಮಾವನಿಗೆ ಉಪ್ಪಿನ ಉಪದೇಶ ಮಾಡಿ ಬಂದರೆ ಏನು ಪ್ರಯೋಜನ? ನಮ್ಮ ಕಡೆ ಉಪ್ಪು ಇರುವುದು ಸಾರಿನಲ್ಲಿ ಮಾತ್ರವಲ್ಲ. ರೊಟ್ಟಿಯ ಜೊತೆಗಿನ ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಉಪ್ಪಿನಕಾಯಿ, ಸಂಡಿಗೆಗಳಲ್ಲಿ ಇದೆ, ಅವನ್ನು ಹೆಂಗಸರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಕುಟ್ಟಿ ತುಂಬಿಡುತ್ತಾರೆ. ಹಾಗಾಗಿ ಉಪ್ಪಿನ ಮಾತು ಆಡಬೇಕಾದದ್ದು ಹಿಂಡಿ ಕುಟ್ಟುವ ದಿನ, ಕುಟ್ಟುವವಳ ಹತ್ತಿರ.

ಆಮೇಲೆ ಆ ವ್ಯಕ್ತಿಯೇ ಒಂದು ಬದಲಾವಣೆಯನ್ನು ಆರಿಸಿಕೊಳ್ಳಲಿ, ಒಂದೇ ಒಂದನ್ನು. ‘ರಾತ್ರಿ ಪಾಳಿಯಾಗ ಮೂರು ಚಹಾ, ಸಕ್ಕರಿ ಅರ್ಧ ಚಮಚ’ ಎಂದು ಅವನದೇ ಮಾತಿನಲ್ಲಿ ಕಾರ್ಡಿನ ಮೇಲೆ ಬರೆಯಿರಿ, ಮುಂದಿನ ಭೇಟಿಯಲ್ಲಿ ಬೇರೆಲ್ಲ ಬಿಟ್ಟು ಅದನ್ನೇ ಮೊದಲು ಕೇಳಿರಿ. ಕಂಡಿಕೆ ಸುತ್ತುವವಳಿಗೆ ಬೀದಿಯ ನಡಿಗೆ ಆಗದಿದ್ದರೆ ಓಣಿಯ ನಾಲ್ಕೈದು ಹೆಂಗಸರು ಕೂಡಿ ಬೆಳಿಗ್ಗೆ ಗುಡಿಗೆ ಹೋಗಿ ಬರುವ ದಾರಿಯನ್ನು ಎರಡು ಸುತ್ತು ಮಾಡಿಕೊಳ್ಳಬಹುದು. ಗುಡಿಗೆ ಹೋಗುವವಳನ್ನು ಓಣಿ ಏನೂ ಅನ್ನುವುದಿಲ್ಲ. ಇದು ನಾನು ಕೂತಲ್ಲಿ ಊಹಿಸಿದ್ದಲ್ಲ, ಆ ಹೆಂಗಸು ತಾನೇ ಹುಡುಕಿಕೊಂಡ ದಾರಿ. ಮೂವರಲ್ಲಿ ಮಾತ್ರೆಯಿಲ್ಲದೆ ಉಳಿದವಳು ಅವಳೊಬ್ಬಳೇ, ನನ್ನ ಚೀಟಿಗೂ ಅದಕ್ಕೂ ಸಂಬಂಧವಿಲ್ಲ. ಒಬ್ಬಳ ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲ ಎಂಬುದೂ ನನಗೆ ಗೊತ್ತು.

ಆರು ತಿಂಗಳಿಗೊಮ್ಮೆ ನೋಡಿ, ಬದಲಾವಣೆ ಹಿಡಿಯದವರಿಗೆ ಹೆಚ್ಚಿನ ಭೇಟಿ, ಅದಕ್ಕೂ ಆಗದಿದ್ದರೆ ವೈದ್ಯರ ತೀರ್ಮಾನದಂತೆ ಮಾತ್ರೆ. ಎರಡು ವರ್ಷಗಳ ಕೊನೆಗೆ ಮೂರು ತಿಂಗಳ ಸರಾಸರಿ ಸಕ್ಕರೆ, ರಕ್ತದೊತ್ತಡ, ಸೊಂಟದ ಸುತ್ತಳತೆಗಳನ್ನು ಎರಡೂ ಪಾಲಿನಲ್ಲಿ ಅಳೆದು ಹೋಲಿಸಬೇಕು. ವ್ಯತ್ಯಾಸ ಕಂಡರೆ ಕಾದು ಕೂತ ಉಪಕೇಂದ್ರಗಳಿಗೂ ಅದೇ ಸೇವೆ ಸಿಗಬೇಕು. ಪರೀಕ್ಷೆ ಮೊದಲೇ ವೈದ್ಯಕೀಯ ಪರೀಕ್ಷೆಗಳ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಬೇಕು, ಒಪ್ಪಿಗೆ ಪತ್ರ ನಮ್ಮ ಜನಕ್ಕೆ ತಿಳಿಯುವ ಕನ್ನಡದಲ್ಲಿ ಇರಬೇಕು, ಫಲಿತಾಂಶ ಸೋತಿದ್ದರೂ ಗ್ರಾಮಸಭೆಯಲ್ಲಿ ಓದಿ ಹೇಳಬೇಕು.

ಹೊಸ ಸಮೀಕ್ಷೆಯೇನೂ ಬೇಕಿಲ್ಲ. ಮೂವತ್ತು ದಾಟಿದ ಎಲ್ಲರ ಹೆಸರಿನಲ್ಲಿ ಆಶಾ ಕಾರ್ಯಕರ್ತೆಯರು ತುಂಬುವ, ಕಾಯಿಲೆಯ ಅಪಾಯ ಅಂದಾಜು ಮಾಡುವ ಸಿಬ್ಯಾಕ್ ಫಾರ್ಮಿನಲ್ಲಿ ವಯಸ್ಸು, ತಂಬಾಕು, ಮದ್ಯ, ಸೊಂಟದ ಅಳತೆ, ವಾರಕ್ಕೆ 150 ನಿಮಿಷದ ಚಟುವಟಿಕೆ, ಮನೆತನದ ಕಾಯಿಲೆ ಇವೆಲ್ಲ ಇವೆ. ಅಂಕ ನಾಲ್ಕು ದಾಟಿದವರನ್ನು ಮೊದಲು ತಪಾಸಣೆಗೆ ಕರೆಯುತ್ತಾರೆ. 2024ರಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯೂ ಮನೆಬಾಗಿಲಿಗೆ ತಪಾಸಣೆ ಒಯ್ಯುವುದೇ ಆಗಿದೆ. ತಪಾಸಣೆಯ ಮಟ್ಟಿಗೆ ನಾವು ಹಿಂದೆ ಬಿದ್ದಿಲ್ಲ. ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹ, 13.6 ಕೋಟಿ ಜನ ಅದರ ಅಂಚಿನಲ್ಲಿ ಎಂದು 2023ರಲ್ಲಿ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಹೇಳಿತು. ಈ 13.6 ಕೋಟಿಯನ್ನು ಹುಡುಕಲು ನಮ್ಮಲ್ಲಿ ಫಾರ್ಮು, ಯಂತ್ರ, ಗುರಿ, ವರದಿ ಎಲ್ಲವೂ ಇವೆ. ಹುಡುಕಿದ ಮೇಲೆ ಅವರೊಂದಿಗೆ ಏನು ಮಾತಾಡಬೇಕು ಎಂಬಲ್ಲಿಗೆ ಬಂದಾಗ ನಮ್ಮ ಕೈಯಲ್ಲಿ ಉಳಿಯುವುದು ಚೀಟಿ.

ಎರಡು ಎಚ್ಚರಿಕೆಯ ಮಾತು. ‘ವ್ಯಕ್ತಿಗೆ ತಕ್ಕ’ ಎಂದ ಕೂಡಲೇ ವಂಶವಾಹಿ ಪರೀಕ್ಷೆ, ಹೆಜ್ಜೆ ಎಣಿಸುವ ದುಬಾರಿ ಕೈಗಡಿಯಾರಗಳ ಕಡೆಗೆ ಮನಸ್ಸು ಹರಿಯುವುದನ್ನು ಕಂಡಿದ್ದೇನೆ. ಯೂರೋಪಿನ ಏಳು ದೇಶಗಳಲ್ಲಿ ಆರು ತಿಂಗಳು ನಡೆದ ಅಧ್ಯಯನದಲ್ಲಿ, ಸಾಮಾನ್ಯ ಸಲಹೆಗಿಂತ ಒಬ್ಬೊಬ್ಬರ ಊಟ ನೋಡಿ ಕೊಟ್ಟ ಸಲಹೆ ಮೇಲಾಯಿತು. ಅದಕ್ಕೆ ರಕ್ತದ ಮತ್ತು ವಂಶವಾಹಿಯ ಮಾಹಿತಿ ಸೇರಿಸಿದಾಗ ಹೆಚ್ಚಿನದೇನೂ ಸಿಗಲಿಲ್ಲ. ಅಮೆರಿಕದಲ್ಲಿ 37 ಜನರ ಸಣ್ಣ ಅಧ್ಯಯನವೊಂದರಲ್ಲಿ ‘ಈಗ ಎದ್ದು ನಡೆಯಿರಿ’ ಎನ್ನುವ ಫೋನಿನ ಮಾತಿಗೆ ಮೊದಮೊದಲು ಜನ ಎದ್ದರು, ದಿನ ಕಳೆದಂತೆ ಏಳುವುದು ಕಡಿಮೆಯಾಯಿತು. ನಮ್ಮ ಜಿಲ್ಲೆಗಳಲ್ಲಿ ತಿಳಿದುಕೊಳ್ಳಬೇಕಾದದ್ದು ಪಾಳಿ, ಅಡುಗೆಮನೆ, ಓಣಿ, ಹಂಗಾಮು. ಅವನ್ನು ತಿಳಿಯಲು ಪ್ರಯೋಗಾಲಯ ಬೇಡ.

ಇನ್ನೊಂದು ಇದಕ್ಕಿಂತ ಗಂಭೀರ. ವ್ಯಕ್ತಿಯ ನಡವಳಿಕೆಯನ್ನೇ ಹಿಡಿದು ಕೂತರೆ ತಪ್ಪೆಲ್ಲ ಅವನ ತಲೆಗೇ ಬರುತ್ತದೆ. ಗುಟ್ಕಾ ನಮ್ಮ ರಾಜ್ಯದಲ್ಲಿ 2013ರಿಂದ ನಿಷೇಧದಲ್ಲಿದೆ. ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಎಂದು ಬೇರೆ ಮಾಡಿ ಅದೇ ಅಂಗಡಿಯಲ್ಲಿ ಮಾರುತ್ತಾರೆ, ಮಗ್ಗದವನು ಎರಡನ್ನೂ ಕೂಡಿಸಿ ಬಾಯಿಗೆ ಹಾಕಿಕೊಳ್ಳುತ್ತಾನೆ. ನಿಪ್ಪಾಣಿಯ ಸುತ್ತ ತಂಬಾಕು ಬೆಳೆದೇ ಬದುಕುವ ಸಂಸಾರಗಳಿವೆ. ಚೀನಾದ 600 ಹಳ್ಳಿಗಳ 20,995 ಜನರಲ್ಲಿ ಮನೆಯ ಉಪ್ಪಿನ ಬದಲು ಪೊಟ್ಯಾಸಿಯಂ ಬೆರೆಸಿದ ಉಪ್ಪು ಕೊಟ್ಟದ್ದರಿಂದಲೇ ಪಾರ್ಶ್ವವಾಯು ಶೇಕಡಾ 14ರಷ್ಟು ಕಡಿಮೆಯಾಯಿತು ಎಂದು 2021ರಲ್ಲಿ ಪ್ರಕಟವಾಗಿದೆ. ಮೂತ್ರಪಿಂಡದ ತೊಂದರೆಯಿದ್ದವರನ್ನು ಅದರಿಂದ ಹೊರಗಿಟ್ಟಿದ್ದರು ಎಂಬುದನ್ನೂ ಕೂಡಿಸಿ ಹೇಳಬೇಕು. ಮಾತಿಲ್ಲದೆ ಆಗುವ ಕೆಲಸಗಳನ್ನು ಸರಕಾರ ಮಾತಿಲ್ಲದೆ ಮಾಡಲಿ. ಮಾತಿನಿಂದಲೇ ಆಗಬೇಕಾದ ಕಡೆ ಆ ಮಾತು ಎದುರಿನವನಿಗೆ ಒಪ್ಪುವಂತಿರಲಿ. ಆಶಾ ಕಾರ್ಯಕರ್ತೆಯ ಅರ್ಧ ತಾಸನ್ನು ಬಿಟ್ಟಿ ಸೇವೆಯೆಂದು ಲೆಕ್ಕಹಾಕುವುದಾದರೆ ಈ ಪರೀಕ್ಷೆಯನ್ನು ಶುರುಮಾಡುವುದೇ ಬೇಡ. ಅವಳ ಕೆಲಸದ ಪಟ್ಟಿ ಈಗಾಗಲೇ ಉದ್ದವಿದೆ, ದಣಿದವಳು ಮತ್ತೆ ಚೀಟಿಯನ್ನೇ ಕೊಡುತ್ತಾಳೆ. ನಾನೂ ಹಾಗೆಯೇ ಕೊಟ್ಟವನು.

ಕಾಲದ ಬಗ್ಗೆ ಒಂದು ಮಾತು ಹೇಳಲೇಬೇಕು, ಏಕೆಂದರೆ ಹೊರಗಿನಿಂದ ಬಂದ ಸಮೀಕ್ಷೆಗಳು ಕೆಟ್ಟದ್ದು ಬಹುಪಾಲು ಇದರಲ್ಲಿಯೇ. ಕಬ್ಬಿನ ಕಟಾವು ಶುರುವಾದರೆ ಮುಧೋಳ, ಜಮಖಂಡಿ, ಅಥಣಿ ಸೀಮೆಯ ದುಡಿಯುವವರು ನಸುಕಿನಲ್ಲೇ ಹೊಲಕ್ಕೆ ಹೋಗಿರುತ್ತಾರೆ. ವಿಜಯಪುರದ ಎಷ್ಟೋ ಹಳ್ಳಿಗಳಿಂದ ಸಂಸಾರಸಮೇತ ಗೋವಾ, ಮಹಾರಾಷ್ಟ್ರದ ಕಡೆ ಗುಳೆ ಹೋಗುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟರ ಮೇಲೆ ನಡೆಯಿರಿ ಎನ್ನುವುದು ಶಿಕ್ಷೆ. ಮೊದಲ ಭೇಟಿಯನ್ನು ಮುಂಗಾರಿನ ಬಿತ್ತನೆ ಮುಗಿದ ಮೇಲೆ ಶ್ರಾವಣದಲ್ಲಿ ಇಟ್ಟುಕೊಳ್ಳಿ, ಎರಡನೆಯದನ್ನು ದಸರೆಗೆ ಮುಂಚೆ. ಗುಳೆ ಹೋಗುವವರ ಫೋನ್ ನಂಬರನ್ನು ಆಗಲೇ ಬರೆದುಕೊಂಡರೆ ಉಳಿದ ಮಾತು ಫೋನಿನಲ್ಲಿ ನಡೆಯುತ್ತದೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಊರಿಗೆ ಬಂದವರು ಎರಡು ದಿನ ಸಿಗುತ್ತಾರೆ, ಆಗ ಸೊಂಟ ಅಳೆಯಬಹುದು. ಪ್ರಶ್ನೆಗಳ ಕರಡು ಸಿದ್ಧವಾದಾಗ ಅದನ್ನು ಬನಹಟ್ಟಿಯ ಮಗ್ಗದವರ ಓಣಿಯಲ್ಲಿ ಒಮ್ಮೆ ಓದಿಸಿ ನೋಡುವುದಾದರೆ, ರಾತ್ರಿ ಪಾಳಿ ಬಿಡುವ ಹೊತ್ತಿಗೆ ನಿಮ್ಮವರ ಜೊತೆ ಬಂದು ಕೂರಲು ನಾನು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಆರೋಗ್ಯ ಮೇಲ್ವಿಚಾರಕ,
ಬನಹಟ್ಟಿ, ಬಾಗಲಕೋಟೆ ಜಿಲ್ಲೆ